ಡಬ್ಬಿಯ ಹಿಂಬದಿಯ ಅಕ್ಷರಗಳು: ಪರ್ಫಾರ್ಮೆನ್ಸ್ ಕಾರಿನ ಎಂಜಿನ್ ಆಯಿಲ್ ಮತ್ತು ವರ್ತಕರ ಹೊಣೆ

ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಯಾಗಲಿ, ಹುಬ್ಬಳ್ಳಿ ಅಥವಾ ಮಂಗಳೂರಿನ ಆಟೊಮೊಬೈಲ್ ಮಳಿಗೆಯಾಗಲಿ, ಎಂಜಿನ್ ಆಯಿಲ್ ಕೊಳ್ಳಲು ಬರುವ ಗ್ರಾಹಕರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಮೂರು: ಯಾವ ಕಂಪನಿಯದು, ಸಿಂಥೆಟಿಕ್ ಹೌದೇ, ಬೆಲೆ ಎಷ್ಟು. ಅಂಗಡಿಯವರು ಕೊಡುವ ಉತ್ತರವೂ ಅಷ್ಟಕ್ಕೇ ನಿಲ್ಲುತ್ತದೆ. ಕಾರಿನ ತಯಾರಕರು ಯಾವ ಮಾನಕದ ಎಣ್ಣೆಯನ್ನು ಅನುಮೋದಿಸಿದ್ದಾರೆ, ಆ ಕಾರನ್ನು ಹೇಗೆ ಓಡಿಸಲಾಗುತ್ತಿದೆ ಎಂಬ ಎರಡು ಪ್ರಶ್ನೆಗಳನ್ನು ಗ್ರಾಹಕರೂ ಕೇಳುವುದಿಲ್ಲ, ವರ್ತಕರೂ ಕೇಳುವುದಿಲ್ಲ. ಅಧಿಕ ಸಾಮರ್ಥ್ಯದ ಎಂಜಿನ್ನಿನ ಮಟ್ಟಿಗೆ ಹೇಳುವುದಾದರೆ ಈ ಎರಡು ಪ್ರಶ್ನೆಗಳ ಹೊರತು ಉಳಿದವು ಗೌಣ. ಡಬ್ಬಿಯ ಮುಂಬದಿಯನ್ನು ನೋಡಿ ಎಣ್ಣೆ ಮಾರುವ ಪದ್ಧತಿಯನ್ನು ಬಿಟ್ಟು, ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಮುದ್ರಿತವಾಗಿರುವ ಅನುಮೋದನಾ ಸಂಖ್ಯೆಯನ್ನು ನೋಡಿ ಮಾರುವ ಪದ್ಧತಿಗೆ ಈ ವ್ಯಾಪಾರ ಬಾರದಿದ್ದರೆ ಅದರ ನಷ್ಟ ಗ್ರಾಹಕರ ಎಂಜಿನ್ನಿಗೆ ಮಾತ್ರ ಸೀಮಿತವಾಗಿ ಉಳಿಯದು.

ಈ ಮಾತು ಕೆಲವೇ ಸಿರಿವಂತರ ಕಾರುಗಳಿಗೆ ಸಂಬಂಧಿಸಿದ್ದೆಂದು ತಳ್ಳಿಹಾಕುವಂತಿಲ್ಲ. ಪೋರ್ಷೆ, ಬಿಎಂಡಬ್ಲ್ಯು ಎಂ ಶ್ರೇಣಿ, ಮರ್ಸಿಡಿಸ್ ಎಎಂಜಿಗಳ ಸಂಖ್ಯೆ ಕಡಿಮೆಯೇ ಸರಿ. ಆದರೆ ಟರ್ಬೊ ಅಳವಡಿಸಿದ, ಇಂಧನವನ್ನು ನೇರವಾಗಿ ಸಿಲಿಂಡರಿನೊಳಕ್ಕೆ ಸಿಂಪಡಿಸುವ ಸಣ್ಣ ಪೆಟ್ರೋಲ್ ಎಂಜಿನ್ನುಗಳು ಇಂದು ಮಧ್ಯಮ ವರ್ಗದ ಕಾರುಗಳಲ್ಲೂ ಬಂದಿವೆ. ಒಂದು ಲೀಟರಿನ ಟರ್ಬೊ ಎಂಜಿನ್ ಹಿಂದಿನ ಕಾಲದ ಎರಡು ಲೀಟರಿನ ಎಂಜಿನ್ನಿಗಿಂತ ಹೆಚ್ಚು ಶಕ್ತಿಯನ್ನು ಉತ್ಪಾದಿಸುತ್ತದೆ. ಅಷ್ಟು ಒತ್ತಡ ಮತ್ತು ಉಷ್ಣವನ್ನು ತಾಳಬೇಕಾದುದು ಮೂರೂವರೆ ನಾಲ್ಕು ಲೀಟರ್ ಎಣ್ಣೆ. ಅದರ ಮೇಲೆ ಬೆಂಗಳೂರಿನಂತಹ ನಗರಗಳಲ್ಲಿ ಎಂಜಿನ್ನಿನ ಕಂಪ್ಯೂಟರನ್ನು ರೀಮ್ಯಾಪ್ ಮಾಡಿಸಿ ಇನ್ನಷ್ಟು ಶಕ್ತಿ ಪಡೆಯುವ ಹವ್ಯಾಸವೂ ಬೆಳೆದಿದೆ. ಪರ್ಫಾರ್ಮೆನ್ಸ್ ಕಾರು ಎಂಬ ಪದಕ್ಕೆ ಈಗ ಹಿಂದೆಂದಿಗಿಂತ ವಿಸ್ತಾರವಾದ ಅರ್ಥವಿದೆ.

ಹಳೆಯ ರೂಢಿಯ ಮೂಲ

"ನಮ್ಮೂರಿನ ಬಿಸಿಲಿಗೆ ನೀರಿನಂತಹ ಎಣ್ಣೆ ನಿಲ್ಲೋದಿಲ್ಲ ಸಾರ್, ಇಪ್ಪತ್ತು-ಐವತ್ತು ಹಾಕಿಸಿ" ಎಂಬ ಸಲಹೆಯನ್ನು ರಾಜ್ಯದ ಯಾವುದೇ ಗ್ಯಾರೇಜಿನಲ್ಲಿ ಇಂದಿಗೂ ಕೇಳಬಹುದು. ಈ ಸಲಹೆ ಅಜ್ಞಾನದಿಂದ ಹುಟ್ಟಿದ್ದಲ್ಲ. ಅಂಬಾಸಡರ್, ಪ್ರೀಮಿಯರ್ ಪದ್ಮಿನಿಗಳ ಕಾಲದ ಎಂಜಿನ್ನುಗಳಲ್ಲಿ ಬೇರಿಂಗಿಗೂ ಶಾಫ್ಟಿಗೂ ನಡುವೆ ಇರುತ್ತಿದ್ದ ಸಂದು ದೊಡ್ಡದು, ಆ ಕಾಲದ ಎಣ್ಣೆಗಳು ಕಾದಾಗ ಬೇಗ ತೆಳುವಾಗುತ್ತಿದ್ದವು, ಸವೆದ ಎಂಜಿನ್ನಿನಲ್ಲಿ ಆಯಿಲ್ ಪ್ರೆಶರ್ ಇಳಿಯುತ್ತಿತ್ತು. ದಪ್ಪ ಎಣ್ಣೆ ಹಾಕಿದರೆ ಸದ್ದು ತಗ್ಗುತ್ತಿತ್ತು, ಹೊಗೆಯೂ ಕಡಿಮೆಯಾಗುತ್ತಿತ್ತು. ಆ ಮೆಕ್ಯಾನಿಕ್‌ಗಳು ಕಣ್ಣಾರೆ ಕಂಡದ್ದನ್ನೇ ಹೇಳಿದರು. ಆದರೆ ಅಂಬಾಸಡರ್ ತಯಾರಿಕೆ 2014ರಲ್ಲಿ ನಿಂತುಹೋಯಿತು. ಆ ಎಂಜಿನ್ನಿನ ಜೊತೆಯಲ್ಲಿ ಹೋಗಬೇಕಿದ್ದ ಸಲಹೆ ಮಾತ್ರ ಉಳಿದುಕೊಂಡಿದೆ.

ಇಂದಿನ ಎಂಜಿನ್ನಿನಲ್ಲಿ ಎಣ್ಣೆ ಜಾರುವಿಕೆಯೊಂದನ್ನೇ ಮಾಡುವುದಿಲ್ಲ. ಕ್ಯಾಮ್‌ಶಾಫ್ಟಿನ ಕೋನವನ್ನು ಬದಲಿಸುವ ಸಾಧನ ನಡೆಯುವುದು ಎಣ್ಣೆಯ ಒತ್ತಡದಿಂದ. ಟೈಮಿಂಗ್ ಚೈನನ್ನು ಬಿಗಿಯಾಗಿಡುವುದೂ ಬಹುಪಾಲು ಅದೇ ಒತ್ತಡ. ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುವ ಟರ್ಬೊ ಶಾಫ್ಟನ್ನು ತೇಲಿಸಿ ಹಿಡಿಯುವುದೂ, ಅದರ ಉಷ್ಣವನ್ನು ಹೊತ್ತೊಯ್ಯುವುದೂ ಎಣ್ಣೆಯೇ. ಸಣ್ಣ ರಂಧ್ರಗಳ ಮೂಲಕ ತಕ್ಷಣ ಹರಿಯಬೇಕಾದ ಇಂತಹ ಕಡೆಗಳಲ್ಲಿ ತಯಾರಕರು ಲೆಕ್ಕ ಹಾಕಿದ್ದಕ್ಕಿಂತ ಬಹಳ ದಪ್ಪನಾದ ಎಣ್ಣೆ ಉಪಕಾರಕ್ಕಿಂತ ಅಪಕಾರವನ್ನೇ ಮಾಡೀತು. ಮಾರುತಿಯ ಹಲವು ಪೆಟ್ರೋಲ್ ಎಂಜಿನ್ನುಗಳಿಗೆ 0ಡಬ್ಲ್ಯು-16 ಎಣ್ಣೆಯನ್ನು ಶಿಫಾರಸು ಮಾಡಲಾಗಿದೆ. ಅದನ್ನು ಕಂಡು ಹಳೆಯ ಮೆಕ್ಯಾನಿಕ್‌ಗಳು ತಲೆಯಾಡಿಸುವುದು ಸಹಜ, ಆದರೆ ಆ ಎಂಜಿನ್ ವಿನ್ಯಾಸಗೊಂಡದ್ದೇ ಆ ಎಣ್ಣೆಗೆ.

ಸಂಖ್ಯೆಗಳು ಹೇಳುವುದೇನು

ಡಬ್ಬಿಯ ಮೇಲೆ ಎದ್ದು ಕಾಣುವ 5ಡಬ್ಲ್ಯು-30, 0ಡಬ್ಲ್ಯು-40 ಮೊದಲಾದವು ಎಸ್‌ಎಇ ಸಂಸ್ಥೆಯ ಜೆ300 ಎಂಬ ಮಾನಕಕ್ಕೆ ಸೇರಿದವು. ಡಬ್ಲ್ಯು ಅಕ್ಷರ ಚಳಿಗಾಲವನ್ನು ಸೂಚಿಸುತ್ತದೆ. ಅದರ ಹಿಂದಿನ ಅಂಕಿ ತಣ್ಣನೆಯ ಎಂಜಿನ್ ಶುರುವಾಗುವಾಗ ಎಣ್ಣೆ ಎಷ್ಟು ಸುಲಭವಾಗಿ ಚಲಿಸುತ್ತದೆಂಬುದರ ಅಳತೆ: 0ಡಬ್ಲ್ಯು ಎಣ್ಣೆಯನ್ನು ಶೂನ್ಯಕ್ಕಿಂತ 35 ಡಿಗ್ರಿ ಸೆಲ್ಸಿಯಸ್ ಕೆಳಗೆ, 5ಡಬ್ಲ್ಯು ಎಣ್ಣೆಯನ್ನು 30 ಡಿಗ್ರಿ ಕೆಳಗೆ, 20ಡಬ್ಲ್ಯು ಎಣ್ಣೆಯನ್ನು 15 ಡಿಗ್ರಿ ಕೆಳಗೆ ಪರೀಕ್ಷಿಸಲಾಗುತ್ತದೆ. ನಂತರದ ಅಂಕಿ 100 ಡಿಗ್ರಿ ಉಷ್ಣತೆಯಲ್ಲಿ ಎಣ್ಣೆಯ ಸ್ನಿಗ್ಧತೆ ಯಾವ ಮಿತಿಯೊಳಗಿದೆ ಎಂಬುದನ್ನು ತಿಳಿಸುತ್ತದೆ. 30ರ ವರ್ಗಕ್ಕೆ ಆ ಮಿತಿ ಸೆಕೆಂಡಿಗೆ 9.3ರಿಂದ 12.5 ಚದರ ಮಿಲಿಮೀಟರ್, 40ರ ವರ್ಗಕ್ಕೆ 12.5ರಿಂದ 16.3, 50ಕ್ಕೆ 16.3ರಿಂದ 21.9.

ಕರ್ನಾಟಕದಲ್ಲಿ ಹಿಮ ಬೀಳುವುದಿಲ್ಲವಾದ್ದರಿಂದ 0ಡಬ್ಲ್ಯು, 5ಡಬ್ಲ್ಯುಗಳು ಅನಗತ್ಯ ಖರ್ಚು ಎಂಬ ವಾದವಿದೆ. ಇದು ಅರ್ಧ ಸತ್ಯ. ಬೆಂಗಳೂರಿನ ಜನವರಿಯ ಮುಂಜಾವಿನಲ್ಲೂ ಯಾವ ಎಣ್ಣೆಯೂ ಹೆಪ್ಪುಗಟ್ಟುವುದಿಲ್ಲವೆಂಬುದು ನಿಜ. ಆದರೆ ಎಂಜಿನ್ನಿನ ದೃಷ್ಟಿಯಲ್ಲಿ 25 ಡಿಗ್ರಿಯೂ ಚಳಿಯೇ, ಏಕೆಂದರೆ ಅದು ಕೆಲಸ ಮಾಡುವ ಉಷ್ಣತೆ 90ರಿಂದ ಮೇಲಕ್ಕೆ. 40 ಡಿಗ್ರಿಯಲ್ಲಿ ಅಳೆದರೆ ಸಾಮಾನ್ಯ 20ಡಬ್ಲ್ಯು-50 ಎಣ್ಣೆ 0ಡಬ್ಲ್ಯು-20 ಎಣ್ಣೆಗಿಂತ ಮೂರರಿಂದ ನಾಲ್ಕು ಪಟ್ಟು ದಪ್ಪವಾಗಿರುತ್ತದೆ. ಬೆಳಿಗ್ಗೆ ಶುರು ಮಾಡಿದ ಕೂಡಲೇ ಆಕ್ಸಿಲರೇಟರ್ ತುಳಿಯುವವರ ಕಾರಿನಲ್ಲಿ ಈ ವ್ಯತ್ಯಾಸಕ್ಕೆ ಬೆಲೆಯಿದೆ.

ವರ್ತಕರು ಅರಿಯಬೇಕಾದ ಅತಿ ಮುಖ್ಯ ಸಂಖ್ಯೆ ಮಾತ್ರ ಡಬ್ಬಿಯ ಮುಂಬದಿಯಲ್ಲಿ ಇರುವುದೇ ಇಲ್ಲ. ಅದು 150 ಡಿಗ್ರಿ ಉಷ್ಣತೆಯಲ್ಲಿ, ವೇಗವಾಗಿ ಉಜ್ಜುವ ಎರಡು ಲೋಹಗಳ ನಡುವೆ ಸಿಕ್ಕಿದಾಗ ಎಣ್ಣೆ ಎಷ್ಟು ದಪ್ಪ ಉಳಿಸಿಕೊಳ್ಳುತ್ತದೆ ಎಂಬುದರ ಅಳತೆ. ತಂತ್ರಜ್ಞರು ಇದನ್ನು ಎಚ್‌ಟಿಎಚ್‌ಎಸ್ ಎಂದು ಕರೆಯುತ್ತಾರೆ. ಜೆ300 ಪ್ರಕಾರ 30ರ ವರ್ಗದ ಎಣ್ಣೆಯಲ್ಲಿ ಇದು ಕನಿಷ್ಠ 2.9 ಇದ್ದರೆ ಸಾಕು. ಆದರೆ ಯುರೋಪಿನ ಕಾರು ತಯಾರಕರ ಒಕ್ಕೂಟವಾದ ಎಸಿಇಎಯ ಎ3/ಬಿ4 ಮತ್ತು ಸಿ3 ವರ್ಗಗಳಲ್ಲಿ ಅದು ಕನಿಷ್ಠ 3.5 ಇರಬೇಕು. ಅಂದರೆ ಕಪಾಟಿನಲ್ಲಿ ಅಕ್ಕಪಕ್ಕ ನಿಂತಿರುವ, ಎರಡರ ಮೇಲೂ 5ಡಬ್ಲ್ಯು-30 ಎಂದೇ ಬರೆದಿರುವ ಎರಡು ಡಬ್ಬಿಗಳೊಳಗೆ ಬೇರೆ ಬೇರೆ ಸರಕು ಇರಬಹುದು. ಒಂದು ಇಂಧನ ಉಳಿತಾಯಕ್ಕೆಂದು ತಯಾರಾದದ್ದು, ಇನ್ನೊಂದು ಗಂಟೆಗೆ 200 ಕಿಲೋಮೀಟರ್ ವೇಗದಲ್ಲಿ ದೂರ ಓಡುವ ಜರ್ಮನ್ ಕಾರಿನ ಬೇರಿಂಗನ್ನು ಕಾಯಲು ತಯಾರಾದದ್ದು. ಎರಡನೆಯದನ್ನು ಬೇಡುವ ಎಂಜಿನ್ನಿಗೆ ಮೊದಲನೆಯದನ್ನು ಕೊಟ್ಟು, "ಅದೇ ಗ್ರೇಡು ಸಾರ್, ಎಂಟುನೂರು ರೂಪಾಯಿ ಉಳಿಯಿತು" ಎಂದು ಹೇಳಿ ಕಳುಹಿಸುವ ವರ್ತಕರು ಸುಳ್ಳನ್ನೇನೂ ಹೇಳಿರುವುದಿಲ್ಲ. ಆದರೂ ಗ್ರಾಹಕರಿಗೆ ನಷ್ಟವಾಗಿರುತ್ತದೆ.

ತೆಳುವೋ ದಪ್ಪವೋ

ಹಾಗಾದರೆ ಕೈಪಿಡಿಯಲ್ಲಿ ತೆಳು ಎಣ್ಣೆ ಬರೆದಿದ್ದರೆ ಕಣ್ಣುಮುಚ್ಚಿ ಅದನ್ನೇ ಹಾಕಬೇಕೇ ಎಂಬ ಪ್ರಶ್ನೆ ಏಳುತ್ತದೆ. ಇಲ್ಲಿ ವಿಷಯ ಸ್ವಲ್ಪ ಸೂಕ್ಷ್ಮವಾಗಿದೆ. ತೆಳು ಎಣ್ಣೆಗಳ ಹಿಂದೆ ಎಂಜಿನಿಯರಿಂಗ್ ಕಾರಣಗಳ ಜೊತೆಗೆ ಸರ್ಕಾರಗಳ ಇಂಧನ ಮಿತವ್ಯಯದ ನಿಯಮಗಳೂ ಇವೆ. ಎಣ್ಣೆ ತೆಳುವಾದಷ್ಟೂ ಪೆಟ್ರೋಲ್ ಸ್ವಲ್ಪ ಉಳಿಯುತ್ತದೆ. ಆ ಸ್ವಲ್ಪವೇ ಲಕ್ಷಾಂತರ ಕಾರುಗಳ ಲೆಕ್ಕದಲ್ಲಿ ಕಂಪನಿಗೆ ದೊಡ್ಡದು.

ಅಮೆರಿಕದ ಕೆಲವು ನಿದರ್ಶನಗಳು ಈ ವಿಷಯವನ್ನು ಸ್ಪಷ್ಟಪಡಿಸುತ್ತವೆ. ಫೋರ್ಡ್ ಮಸ್ಟಾಂಗ್ ಜಿಟಿಯ 5.0 ಲೀಟರ್ ವಿ8 ಎಂಜಿನ್ನಿಗೆ ಕಂಪನಿ ಹೇಳಿದ್ದು 5ಡಬ್ಲ್ಯು-20. ಅದೇ ಕುಟುಂಬದ ಎಂಜಿನ್ನನ್ನು ಹೊತ್ತು, ಓಟದ ಟ್ರ್ಯಾಕನ್ನು ಗಮನದಲ್ಲಿಟ್ಟುಕೊಂಡು 2012ರ ಮಾದರಿಯಾಗಿ ಬಂದ ಬಾಸ್ 302 ಆವೃತ್ತಿಗೆ ಆಯಿಲ್ ಕೂಲರ್ ಅಳವಡಿಸಿ 5ಡಬ್ಲ್ಯು-50 ನಿಗದಿಪಡಿಸಲಾಯಿತು. ಷೆವರ್ಲೆ ಕಾರ್ವೆಟ್ ವಿಷಯದಲ್ಲಿ ಸಾಮಾನ್ಯ ರಸ್ತೆಗೆ 5ಡಬ್ಲ್ಯು-30, ಟ್ರ್ಯಾಕಿನ ದಿನಕ್ಕೆ 15ಡಬ್ಲ್ಯು-50, ಓಟ ಮುಗಿದ ಮೇಲೆ ಮತ್ತೆ ಹಳೆಯದಕ್ಕೆ ಬದಲಾಯಿಸಿ ಎಂದು ಕೈಪಿಡಿಯಲ್ಲೇ ಹೇಳಲಾಗುತ್ತಿತ್ತು. ಈ ಎರಡು ಬಗೆಯ ತೊಡಕನ್ನು ನಿವಾರಿಸಲು 2019ರ ಮಾದರಿಯಿಂದ ಎರಡಕ್ಕೂ ಒಂದೇ ಆದ 0ಡಬ್ಲ್ಯು-40 ಎಣ್ಣೆಯನ್ನು ತರಲಾಯಿತು. ಭಾರತದಲ್ಲಿ 2016ರಿಂದ ಕೆಲವು ವರ್ಷ ಮಾರಾಟವಾದ ನಿಸಾನ್ ಜಿಟಿ-ಆರ್ ಕಾರಿಗೂ ಕಂಪನಿ ಸೂಚಿಸಿದ್ದು 0ಡಬ್ಲ್ಯು-40.

ಏಪ್ರಿಲ್ 2025ರಲ್ಲಿ ಜನರಲ್ ಮೋಟರ್ಸ್ ಕಂಪನಿ ತನ್ನ 6.2 ಲೀಟರ್ ವಿ8 ಎಂಜಿನ್ನಿನ, 2021ರಿಂದ 2024ರವರೆಗಿನ ಮಾದರಿಗಳ ಸುಮಾರು 6 ಲಕ್ಷ ವಾಹನಗಳನ್ನು ಅಮೆರಿಕದಲ್ಲಿ ವಾಪಸು ಕರೆಯಿತು. ಕ್ರ್ಯಾಂಕ್‌ಶಾಫ್ಟ್ ಮತ್ತು ಕನೆಕ್ಟಿಂಗ್ ರಾಡುಗಳ ತಯಾರಿಕೆಯಲ್ಲಿನ ದೋಷ ಇದಕ್ಕೆ ಕಾರಣ. ತಪಾಸಣೆಯಲ್ಲಿ ತೇರ್ಗಡೆಯಾದ ಎಂಜಿನ್ನುಗಳಿಗೆ ನೀಡಿದ ಪರಿಹಾರವೇನೆಂದರೆ, ಹಿಂದಿನ 0ಡಬ್ಲ್ಯು-20 ಎಣ್ಣೆಯ ಬದಲು 0ಡಬ್ಲ್ಯು-40 ಹಾಕುವುದು, ಎಣ್ಣೆ ತುಂಬುವ ಮುಚ್ಚಳವನ್ನೂ ಕೈಪಿಡಿಯ ಪುಟವನ್ನೂ ಬದಲಾಯಿಸುವುದು. ದಪ್ಪ ಎಣ್ಣೆಯ ಪಕ್ಷದವರಿಗೆ ಇದು ಜಯವೆನಿಸಬಹುದು. ಆದರೆ ಅಲ್ಲಿಯೂ ಕಂಪನಿ 20ಡಬ್ಲ್ಯು-50 ಹಾಕಲಿಲ್ಲ ಎಂಬುದನ್ನು ಗಮನಿಸಬೇಕು. ಶುರುವಾಗುವಾಗಿನ 0ಡಬ್ಲ್ಯು ಹರಿವನ್ನು ಹಾಗೆಯೇ ಉಳಿಸಿಕೊಂಡು ಕಾದಾಗಿನ ದಪ್ಪವನ್ನು ಮಾತ್ರ ಹೆಚ್ಚಿಸಲಾಯಿತು.

ಬಿಎಂಡಬ್ಲ್ಯುವಿನ ಇತಿಹಾಸವೂ ಇದನ್ನೇ ಇನ್ನೊಂದು ಬಗೆಯಲ್ಲಿ ತೋರಿಸುತ್ತದೆ. ನಿಮಿಷಕ್ಕೆ 8000 ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತಿದ್ದ, ಟರ್ಬೊ ಇಲ್ಲದ 2000ದ ದಶಕದ ಎಂ3, ಎಂ5 ಎಂಜಿನ್ನುಗಳಿಗೆ 10ಡಬ್ಲ್ಯು-60 ಎಂಬ ಅತಿ ದಪ್ಪ ಎಣ್ಣೆ ಕಡ್ಡಾಯವಾಗಿತ್ತು. ಟರ್ಬೊ ಎಂಜಿನ್ ಬಂದ 2014ರ ಎಂ3ಕ್ಕೆ ಕಂಪನಿಯ ಎಲ್ಎಲ್-01 ಅನುಮೋದನೆಯ 30ರ ವರ್ಗದ ಎಣ್ಣೆ ಸಾಕಾಯಿತು. ಹೊಸ ಕಾರು ಹಳೆಯದಕ್ಕಿಂತ ಹೆಚ್ಚು ಶಕ್ತಿಶಾಲಿ, ಆದರೂ ಎಣ್ಣೆ ತೆಳುವಾಯಿತು. ಶಕ್ತಿ ಹೆಚ್ಚಿದಂತೆ ಎಣ್ಣೆ ದಪ್ಪವಾಗಬೇಕೆಂಬ ನಂಬಿಕೆ ಇಲ್ಲಿ ಮುರಿದುಬೀಳುತ್ತದೆ. ಎಣ್ಣೆಯನ್ನು ನಿರ್ಧರಿಸುವುದು ಬೇರಿಂಗಿನ ಸಂದು, ಎಣ್ಣೆ ತಲುಪುವ ಉಷ್ಣತೆ ಮತ್ತು ಕಾರಿನ ಬಳಕೆ.

ಆದ್ದರಿಂದ ಮನೆಯಿಂದ ಕಚೇರಿಗೆ ಓಡಾಡುವ ಟರ್ಬೊ ಕಾರಿಗೆ ಕೈಪಿಡಿಯ ಎಣ್ಣೆಯೇ ಸರಿ. ಅದೇ ಕಾರನ್ನು ರೀಮ್ಯಾಪ್ ಮಾಡಿಸಿ ವಾರಾಂತ್ಯದಲ್ಲಿ ಕೊಯಮತ್ತೂರಿನ ಕರಿ ಟ್ರ್ಯಾಕಿಗೋ ಚೆನ್ನೈ ಹೊರವಲಯದ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿಗೋ ಒಯ್ಯುವವರಿಗೆ, ಕೈಪಿಡಿ ಒಂದಕ್ಕಿಂತ ಹೆಚ್ಚು ಗ್ರೇಡುಗಳಿಗೆ ಅವಕಾಶ ಕೊಟ್ಟಿದ್ದರೆ, ಅವುಗಳಲ್ಲಿ ಎಚ್‌ಟಿಎಚ್‌ಎಸ್ 3.5ಕ್ಕಿಂತ ಮೇಲಿರುವುದನ್ನು ಆರಿಸಿಕೊಡುವುದು ವಿವೇಕ. ಕೈಪಿಡಿಯ ಆಚೆಗೆ ಹೋಗುವುದಾದರೆ ವಾರಂಟಿ ಇನ್ನೂ ಇದೆಯೇ ಎಂದು ಕೇಳಿ, ಆ ನಿರ್ಧಾರವನ್ನು ಗ್ರಾಹಕರಿಗೇ ಬಿಡತಕ್ಕದ್ದು.

ಘಾಟಿ ಹತ್ತುವ ಕಾರು ಮತ್ತು ಎಪಿಐ ಅಕ್ಷರಗಳು

ಸ್ನಿಗ್ಧತೆಯಷ್ಟೇ ಮುಖ್ಯವಾದ, ಆದರೆ ಮಾರುಕಟ್ಟೆಯಲ್ಲಿ ಅತಿ ಕಡಿಮೆ ಚರ್ಚೆಯಾಗುವ ಸಂಗತಿ ಎಣ್ಣೆಯೊಳಗಿನ ರಾಸಾಯನಿಕಗಳದು. ಶಿರಾಡಿ ಘಾಟಿಯಲ್ಲಿ ನಾಲ್ಕು ಜನರನ್ನು ಕೂರಿಸಿಕೊಂಡ ಒಂದು ಲೀಟರಿನ ಟರ್ಬೊ ಕಾರು ಲಾರಿಯೊಂದರ ಹಿಂದೆ ಮೇಲಿನ ಗೇರಿನಲ್ಲೇ ಏರುತ್ತಿದೆ ಎಂದಿಟ್ಟುಕೊಳ್ಳಿ. ಎಂಜಿನ್ ತಿರುಗುವ ವೇಗ ಕಡಿಮೆ, ಭಾರ ಮಾತ್ರ ಪೂರ್ಣ. ಇಂತಹ ಸ್ಥಿತಿಯಲ್ಲಿ ಪಿಸ್ಟನ್ ಅಂಚಿನಲ್ಲಿ ಸೇರಿಕೊಂಡ ಎಣ್ಣೆ ಮತ್ತು ಪೆಟ್ರೋಲಿನ ಹನಿ, ಸ್ಪಾರ್ಕ್ ಪ್ಲಗ್ ಕಿಡಿ ಕೊಡುವ ಮೊದಲೇ ಹೊತ್ತಿಕೊಳ್ಳುವುದುಂಟು. ಆಗ ಸಿಲಿಂಡರಿನೊಳಗೆ ಉಂಟಾಗುವ ಒತ್ತಡ ಪಿಸ್ಟನ್ನಿನ ರಿಂಗ್ ಕೂರುವ ಅಂಚನ್ನೇ ಒಡೆಯಬಲ್ಲದು. ಎಣ್ಣೆಯನ್ನು ಶುಚಿಯಾಗಿಡಲು ಬಳಸುವ ಕ್ಯಾಲ್ಸಿಯಂ ಲವಣಗಳು ಈ ಪಿಡುಗನ್ನು ಹೆಚ್ಚಿಸುತ್ತವೆ, ಅವುಗಳ ಒಂದು ಪಾಲನ್ನು ಮೆಗ್ನೀಸಿಯಂಗೆ ಬದಲಿಸಿದರೆ ತಗ್ಗುತ್ತದೆ ಎಂದು ಕಂಡುಬಂದ ಮೇಲೆ ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್, ಅಂದರೆ ಎಪಿಐ, 2018ರಲ್ಲಿ ಎಸ್‌ಎನ್ ಪ್ಲಸ್, ಮೇ 2020ರಲ್ಲಿ ಎಸ್‌ಪಿ ಎಂಬ ವರ್ಗಗಳನ್ನು ತಂದಿತು. ಎಸ್‌ಪಿಯಲ್ಲಿ ಟೈಮಿಂಗ್ ಚೈನಿನ ಸವೆತದ ಪರೀಕ್ಷೆಯೂ ಸೇರಿತು. ಮಾರ್ಚ್ 2025ರಿಂದ ಅದರ ಮುಂದಿನ ಎಸ್‌ಕ್ಯೂ ವರ್ಗ ಜಾರಿಗೆ ಬಂದಿದೆ.

ಈಗ ಅಂಗಡಿಗಳ ಕಪಾಟನ್ನೊಮ್ಮೆ ನೋಡಬೇಕು. ಎಸ್‌ಎಲ್ ವರ್ಗದ ಎಣ್ಣೆ 2004 ಮತ್ತು ಅದಕ್ಕೂ ಹಿಂದಿನ ಎಂಜಿನ್ನುಗಳಿಗೆ, ಎಸ್‌ಎಂ 2010 ಮತ್ತು ಹಿಂದಿನವುಗಳಿಗೆ ಎಂದು ಎಪಿಐ ಸ್ಪಷ್ಟವಾಗಿ ಹೇಳಿದೆ. ಎಸ್‌ಎಫ್, ಎಸ್‌ಜಿ ವರ್ಗಗಳನ್ನಂತೂ ಕ್ರಮವಾಗಿ 1988 ಮತ್ತು 1993ರ ನಂತರದ ಬಹುಪಾಲು ಪೆಟ್ರೋಲ್ ಎಂಜಿನ್ನುಗಳಿಗೆ ತಕ್ಕುದಲ್ಲವೆಂದು ಎಚ್ಚರಿಸಿದೆ. ಇವು ಕೆಟ್ಟ ಎಣ್ಣೆಗಳಲ್ಲ, ಹಳೆಯ ವಾಹನಗಳಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತವೆ. ಬ್ಯಾರೆಲಿನಲ್ಲಿ ಉಳಿದ ದಾಸ್ತಾನನ್ನು ಖಾಲಿ ಮಾಡುವ ಆತುರದಲ್ಲಿ ಹೊಸ ಟರ್ಬೊ ಕಾರಿಗೆ ಸುರಿಯುವುದು ಮಾತ್ರ ಅಕ್ಷಮ್ಯ. ಲಾರಿಗೆಂದು ತಂದ ಡೀಸೆಲ್ ಎಂಜಿನ್ ಎಣ್ಣೆಯನ್ನು "ಇದು ಇನ್ನೂ ಗಟ್ಟಿಮುಟ್ಟು" ಎಂದು ಪೆಟ್ರೋಲ್ ಟರ್ಬೊಗೆ ಹಾಕುವ ಪದ್ಧತಿಗೂ ಇದೇ ಮಾತು ಅನ್ವಯಿಸುತ್ತದೆ.

ಘಾಟಿಯ ಮೇಲೆ ಕಾಫಿಗೆಂದು ಹೋಟೆಲಿನ ಮುಂದೆ ನಿಲ್ಲಿಸಿದ ಕೂಡಲೇ ಎಂಜಿನ್ ಆಫ್ ಮಾಡುವುದರಿಂದ ಕಾದ ಟರ್ಬೊ ಒಳಗೆ ನಿಂತ ಎಣ್ಣೆ ಸುಟ್ಟು ಇದ್ದಲಾಗುತ್ತದೆ. ಎಂಜಿನ್ ನಿಂತ ಮೇಲೂ ನೀರು ಹರಿಸುವ ವಿದ್ಯುತ್ ಪಂಪು ಕೆಲವು ಕಾರುಗಳಲ್ಲಿದೆ, ಎಲ್ಲದರಲ್ಲಿ ಇಲ್ಲ. ಒಂದು ನಿಮಿಷ ತಾಳಿ ಆಫ್ ಮಾಡಿ ಎಂದು ಎಣ್ಣೆ ಮಾರುವಾಗಲೇ ಹೇಳುವುದಕ್ಕೆ ವರ್ತಕರಿಗೆ ಖರ್ಚೇನೂ ಇಲ್ಲ.

ಸಿಂಥೆಟಿಕ್ ಎಂಬ ಪದದ ಬಗ್ಗೆ ಇಷ್ಟು ಹೇಳಿದರೆ ಸಾಕು. 1999ರಲ್ಲಿ ಮೊಬಿಲ್ ಮತ್ತು ಕ್ಯಾಸ್ಟ್ರಾಲ್ ನಡುವಿನ ಜಾಹೀರಾತು ವಿವಾದದಲ್ಲಿ ಅಮೆರಿಕದ ರಾಷ್ಟ್ರೀಯ ಜಾಹೀರಾತು ವಿಭಾಗ ನೀಡಿದ ತೀರ್ಮಾನದ ನಂತರ, ಕಚ್ಚಾ ತೈಲವನ್ನೇ ತೀವ್ರವಾಗಿ ಸಂಸ್ಕರಿಸಿ ಪಡೆದ ಗ್ರೂಪ್ 3 ಮೂಲ ತೈಲವನ್ನೂ ಸಿಂಥೆಟಿಕ್ ಎಂದು ಕರೆಯುವ ಪದ್ಧತಿ ಬೇರೂರಿತು. ಗ್ರೂಪ್ 3 ಒಳ್ಳೆಯ ತೈಲವೇ. ಆದರೆ ಆ ಪದ ಈಗ ಗುಣಮಟ್ಟದ ಪ್ರಮಾಣವಾಗಿ ಉಳಿದಿಲ್ಲ, ಮಾರಾಟದ ಪದವಾಗಿದೆ.

ಅನುಮೋದಿತ, ಸೂಕ್ತ, ಪೂರೈಸುತ್ತದೆ

ಯುರೋಪಿನ ತಯಾರಕರು ಎಪಿಐ ಅಕ್ಷರಗಳಿಂದ ತೃಪ್ತರಾಗದೆ ತಮ್ಮದೇ ಪರೀಕ್ಷೆಗಳನ್ನು ಇಟ್ಟಿದ್ದಾರೆ. ಪೋರ್ಷೆಯ ಎ40, ಮರ್ಸಿಡಿಸ್‌ನ 229.5, ಬಿಎಂಡಬ್ಲ್ಯುವಿನ ಎಲ್ಎಲ್-01 ಮತ್ತು ಎಲ್ಎಲ್-04, ಫೋಕ್ಸ್‌ವ್ಯಾಗನ್ ಸಮೂಹದ 502.00, 504.00, 508.00 ಇವೆಲ್ಲ ಅಂತಹವು. ಒಂದೇ ಕಂಪನಿಯ ಎರಡು ಕಾರುಗಳಿಗೆ ಬೇರೆ ಬೇರೆ ಅನುಮೋದನೆ ಬೇಕಾಗಬಹುದು. ಪೋರ್ಷೆಯ ಕೆಲವು ಎಂಜಿನ್ನುಗಳಿಗೆ ಎ40, ಕೆಲವಕ್ಕೆ ಸಿ30. ಫೋಕ್ಸ್‌ವ್ಯಾಗನ್ನಿನ 508.00 ಎಣ್ಣೆ 0ಡಬ್ಲ್ಯು-20 ದರ್ಜೆಯದು. ಹಳೆಯ ಎಂಜಿನ್ನುಗಳಿಗೆ ಅದು ಸಲ್ಲದು. ತಪ್ಪಿ ಬೇರೆ ಎಂಜಿನ್ನಿಗೆ ಹೋದರೆ ಗುರುತಾಗಲೆಂದು ಅದಕ್ಕೆ ಹಸಿರು ಬಣ್ಣವನ್ನೇ ಹಾಕಲಾಗಿದೆ. ಹೊಸದು, ದುಬಾರಿ ಎಂಬ ಕಾರಣಕ್ಕೆ ಅದನ್ನು ಹತ್ತು ವರ್ಷದ ಹಳೆಯ ಟಿಎಸ್‌ಐ ಕಾರಿಗೆ ಮಾರಿದರೆ ಗ್ರಾಹಕರು ಹೆಚ್ಚು ಹಣ ತೆತ್ತು ತಪ್ಪು ಸರಕು ಪಡೆದಂತಾಗುತ್ತದೆ.

ಡಬ್ಬಿಯ ಹಿಂಬದಿಯ ಭಾಷೆಯನ್ನು ಕರಾರುಪತ್ರ ಓದುವಂತೆ ಓದಬೇಕು. ಅನುಮೋದಿತ ಎಂದರೆ ಆ ತಯಾರಕರು ಪರೀಕ್ಷಾ ವರದಿ ನೋಡಿ ಒಪ್ಪಿದ್ದಾರೆ ಎಂದರ್ಥ. ಮಾನಕವನ್ನು ಪೂರೈಸುತ್ತದೆ, ಬಳಕೆಗೆ ಸೂಕ್ತ, ಶಿಫಾರಸು ಮಾಡಲಾಗಿದೆ ಎಂಬ ಮಾತುಗಳು ಎಣ್ಣೆ ತಯಾರಿಸಿದವರ ಸ್ವಂತ ಹೇಳಿಕೆಗಳು. ಅವು ಸುಳ್ಳೆಂದೇನೂ ಅಲ್ಲ, ಆದರೆ ಎರಡಕ್ಕೂ ಒಂದೇ ತೂಕವಿಲ್ಲ.

ಸಣ್ಣ ಅಂಗಡಿ, ಸಣ್ಣ ತಯಾರಕ

ಇಷ್ಟೊಂದು ಮಾನಕಗಳ ಎಣ್ಣೆಯನ್ನು ದಾಸ್ತಾನಿಡುವುದು ಸಣ್ಣ ಅಂಗಡಿಗೆ ಸಾಧ್ಯವೇ ಎಂಬ ಆಕ್ಷೇಪ ನ್ಯಾಯವಾದದ್ದು. ಬಂಡವಾಳ ಕಪಾಟಿನಲ್ಲಿ ಮಲಗುತ್ತದೆ, ಮಾನಕ ಬದಲಾದರೆ ಸರಕು ಹಳತಾಗುತ್ತದೆ. ಆದರೆ ಎಲ್ಲವನ್ನೂ ಇಡಬೇಕಾಗಿಲ್ಲ. ಪೋರ್ಷೆ ಎ40, ಮರ್ಸಿಡಿಸ್ 229.5, ಫೋಕ್ಸ್‌ವ್ಯಾಗನ್ 502.00, ಬಿಎಂಡಬ್ಲ್ಯು ಎಲ್ಎಲ್-01 ಇವುಗಳಲ್ಲಿ ಹಲವನ್ನು ಒಟ್ಟಿಗೆ ಪಡೆದಿರುವ 5ಡಬ್ಲ್ಯು-40 ಅಥವಾ 0ಡಬ್ಲ್ಯು-40 ಒಂದು, ಜಪಾನ್ ಹಾಗೂ ಕೊರಿಯಾದ ಹೊಸ ಎಂಜಿನ್ನುಗಳಿಗೆ ಎಸ್‌ಪಿ ವರ್ಗದ 0ಡಬ್ಲ್ಯು-20 ಮತ್ತು 5ಡಬ್ಲ್ಯು-30, ಪೆಟ್ರೋಲ್ ಪಾರ್ಟಿಕ್ಯುಲೇಟ್ ಫಿಲ್ಟರ್ ಇರುವ ಯುರೋಪಿನ ಕಾರುಗಳಿಗೆ ಕಡಿಮೆ ಬೂದಿಯ ಸಿ3 ವರ್ಗದ್ದೊಂದು. ಬರುವ ಗ್ರಾಹಕರಲ್ಲಿ ಬಹುಪಾಲಿಗೆ ಇಷ್ಟು ಸಾಕು. ಉಳಿದದ್ದನ್ನು ಆರ್ಡರ್ ಮೇಲೆ ಎರಡು ದಿನದಲ್ಲಿ ತರಿಸಿಕೊಡಬಹುದು. ಸಿ3 ವರ್ಗದ ಎಣ್ಣೆಗೆ ಗಂಧಕ ಕಡಿಮೆ ಇರುವ ಇಂಧನ ಬೇಕೆಂಬ ಹಿಂದಿನ ಅಳುಕು ಏಪ್ರಿಲ್ 2020ರಲ್ಲಿ ದೇಶಾದ್ಯಂತ ಬಿಎಸ್6 ಇಂಧನ ಬಂದ ಮೇಲೆ ಬಹುಮಟ್ಟಿಗೆ ಉಳಿದಿಲ್ಲ.

ಸ್ಥಳೀಯ ಎಣ್ಣೆ ತಯಾರಕರ ದೂರು ಬೇರೆಯದು. ಕಾರು ಕಂಪನಿಗಳ ಅನುಮೋದನೆ ಪಡೆಯಲು ತಗಲುವ ವೆಚ್ಚವನ್ನು ಸಣ್ಣ ಘಟಕ ಭರಿಸಲಾರದು, ಇಡೀ ವ್ಯವಸ್ಥೆ ದೊಡ್ಡ ಕಂಪನಿಗಳ ಪರವಾಗಿದೆ ಎಂಬುದು ಅವರ ವಾದ. ಇದರಲ್ಲಿ ಹುರುಳಿದೆ. ಅನುಮೋದನೆ ದೊರೆಯುವುದು ನಿರ್ದಿಷ್ಟ ಮೂಲ ತೈಲ ಮತ್ತು ನಿರ್ದಿಷ್ಟ ಸೇರ್ಪಡೆಗಳ ಮಿಶ್ರಣಕ್ಕೆ. ಆಮದು ಬೆಲೆ ಏರಿತೆಂದು ಮೂಲ ತೈಲವನ್ನು ತಿಂಗಳಿಗೊಮ್ಮೆ ಬದಲಿಸುವ ಸಣ್ಣ ಘಟಕಕ್ಕೆ ಆ ಶಿಸ್ತು ಕಷ್ಟವೇ. ಆದರೆ ಇದಕ್ಕೆ ಪರಿಹಾರ, ಇಲ್ಲದ ಅನುಮೋದನೆಯನ್ನು ಡಬ್ಬಿಯ ಮೇಲೆ ಮುದ್ರಿಸುವುದಲ್ಲ. ಹೈಡ್ರಾಲಿಕ್ ಎಣ್ಣೆ, ಗೇರ್ ಎಣ್ಣೆ, ಕಟಿಂಗ್ ಎಣ್ಣೆ, ಹಳೆಯ ವಾಹನಗಳ ಎಣ್ಣೆ ಇವುಗಳಲ್ಲಿ ಸ್ಥಳೀಯ ಘಟಕಗಳಿಗೆ ಇಂದಿಗೂ ವಿಶಾಲವಾದ ಮಾರುಕಟ್ಟೆಯಿದೆ. ಪರ್ಫಾರ್ಮೆನ್ಸ್ ಎಂಜಿನ್ನುಗಳ ಕ್ಷೇತ್ರಕ್ಕೆ ಸಿದ್ಧತೆಯಿಲ್ಲದೆ ಕಾಲಿಡುವುದು ಉಳಿದ ವ್ಯಾಪಾರದ ಹೆಸರನ್ನೂ ಕೆಡಿಸೀತು.

ಕಾನೂನಿನ ಕಡೆಯಿಂದ

ಎಂಜಿನ್ ಹಾಳಾದಾಗ ಮಾತು ಅಂಗಡಿಯವರೆಗೆ ಬರುವುದೇ ಇಲ್ಲ ಎಂಬ ಧೈರ್ಯ ಹಲವರಲ್ಲಿದೆ. ಜುಲೈ 2020ರಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 86ನೇ ಪ್ರಕರಣವನ್ನು ಅಂತಹವರು ಓದುವುದು ಒಳಿತು. ತಯಾರಕರು ನೀಡಿದ ಭರವಸೆಗೆ ಹೊರತಾಗಿ ಮಾರಾಟಗಾರರು ತಾವಾಗಿ ಸ್ಪಷ್ಟ ಭರವಸೆ ನೀಡಿ, ಸರಕು ಅದಕ್ಕೆ ತಕ್ಕಂತಿರದೆ ಹಾನಿಯಾದರೆ ಮಾರಾಟಗಾರರೇ ಹೊಣೆಯಾಗಬೇಕಾಗುತ್ತದೆ. "ಎಲ್ಲ ಗಾಡಿಗೂ ನಡೆಯುತ್ತೆ, ನಾನಿದ್ದೀನಿ" ಎಂಬ ಮಾತನ್ನು ಕೌಂಟರಿನಲ್ಲಿ ಎಷ್ಟು ಹಗುರವಾಗಿ ಆಡಲಾಗುತ್ತದೆಂಬುದು ವ್ಯಾಪಾರದಲ್ಲಿರುವ ಎಲ್ಲರಿಗೂ ಗೊತ್ತು. ನಾಲ್ಕು ಲೀಟರ್ ಎಣ್ಣೆಯ ಮೇಲಿನ ಲಾಭಕ್ಕೂ ಒಂದು ಟರ್ಬೊ ಎಂಜಿನ್ನಿನ ಬೆಲೆಗೂ ಹೋಲಿಕೆಯೇ ಇಲ್ಲ.

ನಕಲಿ ಸರಕಿನ ವಿಷಯ ಇನ್ನೂ ಗಂಭೀರ. 1999ರ ಟ್ರೇಡ್ ಮಾರ್ಕ್ ಕಾಯ್ದೆಯ 104ನೇ ಪ್ರಕರಣದಂತೆ ನಕಲಿ ಗುರುತಿನ ಸರಕನ್ನು ಮಾರಿದವರಿಗೂ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ, 50,000 ರೂಪಾಯಿಯಿಂದ 2 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಅದೇ ಪ್ರಕರಣ ಪ್ರಾಮಾಣಿಕ ವರ್ತಕರಿಗೆ ರಕ್ಷಣೆಯನ್ನೂ ಕೊಡುತ್ತದೆ: ಸಾಕಷ್ಟು ಎಚ್ಚರ ವಹಿಸಿದ್ದು, ಸಂಶಯಕ್ಕೆ ಕಾರಣವಿರಲಿಲ್ಲವೆಂದೂ, ಕೇಳಿದಾಗ ಸರಕು ಯಾರಿಂದ ಬಂದಿತೆಂಬ ಮಾಹಿತಿಯನ್ನು ಪೂರ್ಣವಾಗಿ ಒದಗಿಸಿದ್ದಾಗಿಯೂ ತೋರಿಸಿದರೆ ಶಿಕ್ಷೆಯಿಂದ ಪಾರಾಗಬಹುದು. ಬಿಲ್ಲಿಲ್ಲದೆ ಕೊಂಡವರ ಬಳಿ ಇವುಗಳಲ್ಲಿ ತೋರಿಸಲು ಏನೂ ಇರುವುದಿಲ್ಲ. ಅಧಿಕೃತ ವಿತರಕರಿಗಿಂತ ಬಹಳ ಕಡಿಮೆ ದರದಲ್ಲಿ, ಬಿಲ್ ಬೇಡವೆಂಬ ಷರತ್ತಿನಲ್ಲಿ ಬರುವ ವಿದೇಶಿ ಬ್ರಾಂಡಿನ ಡಬ್ಬಿಗಳು ಎಲ್ಲಿಂದ ಬರುತ್ತವೆ ಎಂದು ಒಂದು ಕ್ಷಣ ಯೋಚಿಸಬೇಕಾಗುತ್ತದೆ. ಗ್ಯಾರೇಜುಗಳು ಗುಜರಿಗೆ ಹಾಕುವ ಖಾಲಿ ಡಬ್ಬಿಗಳೇ ನಕಲಿ ಕೋರರಿಗೆ ಸಿಗುವ ಅಸಲಿ ಪ್ಯಾಕಿಂಗ್. ಡಬ್ಬಿಯನ್ನು ಗ್ರಾಹಕರೆದುರೇ ಕತ್ತರಿಸಿ ಎಸೆಯಲು ಅರ್ಧ ನಿಮಿಷ ಸಾಕು, ಗ್ರಾಹಕರ ವಿಶ್ವಾಸವೂ ಅದರಿಂದ ಬೆಳೆಯುತ್ತದೆ.

ತೆಗೆದ ಹಳೆಯ ಎಣ್ಣೆಗೂ ಇಂದು ಲೆಕ್ಕವಿದೆ. ಅಪಾಯಕಾರಿ ತ್ಯಾಜ್ಯ ನಿಯಮಗಳಿಗೆ 2023ರಲ್ಲಿ ತಂದ ತಿದ್ದುಪಡಿಯಂತೆ, ಬಳಸಿದ ಎಣ್ಣೆಯ ಮರುಸಂಸ್ಕರಣೆಯ ಹೊಣೆ 1 ಏಪ್ರಿಲ್ 2024ರಿಂದ ಉತ್ಪಾದಕರು ಮತ್ತು ಆಮದುದಾರರ ಮೇಲೆ ಬಿದ್ದಿದೆ. ಗ್ಯಾರೇಜಿನ ಹಿಂದಿನ ಡ್ರಮ್ಮನ್ನು ಯಾರೋ ಬಂದು ನಗದು ಕೊಟ್ಟು ಒಯ್ಯುವ ವ್ಯವಹಾರದ ಬದಲು ನೋಂದಾಯಿತ ಮರುಸಂಸ್ಕರಣಾದಾರರಿಗೆ ಚೀಟಿ ಪಡೆದು ಕೊಡುವುದು ಸುರಕ್ಷಿತ.

ಅಧಿಕ ಸಾಮರ್ಥ್ಯದ ಕಾರಿಗೆ ಎಣ್ಣೆ ಮಾರಿದಾಗ ಬಿಲ್ಲಿನಲ್ಲಿ "ಎಂಜಿನ್ ಆಯಿಲ್ 4 ಲೀಟರ್" ಎಂದಷ್ಟೇ ಬರೆಯುವ ವಾಡಿಕೆಯಿದೆ. ಅದರ ಜಾಗದಲ್ಲಿ ಗ್ರೇಡು, ಎಪಿಐ ಅಥವಾ ಎಸಿಇಎ ವರ್ಗ, ತಯಾರಕರ ಅನುಮೋದನಾ ಸಂಖ್ಯೆ, ಡಬ್ಬಿಯ ಬ್ಯಾಚ್ ಸಂಖ್ಯೆ, ಕಾರಿನ ಮಾದರಿ ಮತ್ತು ಓಡಿರುವ ಕಿಲೋಮೀಟರ್ ಇಷ್ಟನ್ನು ನಮೂದಿಸಲು ಈಗಿನ ಯಾವುದೇ ಬಿಲ್ಲಿಂಗ್ ತಂತ್ರಾಂಶದಲ್ಲಿ ಸ್ಥಳವಿದೆ. ಮುಂದಿನ ಬಾರಿ ಅದೇ ಗ್ರಾಹಕರು ಬಂದಾಗ ಕೌಂಟರಿನಲ್ಲಿರುವ ಹುಡುಗ ಯಾರನ್ನೂ ಕೇಳದೆ ಸರಿಯಾದ ಡಬ್ಬಿಯನ್ನು ತೆಗೆದುಕೊಡಬಲ್ಲ.